ಕೊನೆಯ ದಿನಗಳ ಚಿಕಿತ್ಸೆ: ‘ಏನು ಮಾಡೋಣ ಅಂತೀರಿ?’ ಎಂದು ಡಾಕ್ಟರು ಕೇಳಿದಾಗ (ಪದೇ ಪದೇ ಕೇಳುವ ಪ್ರಶ್ನೆಗಳು)

ಐಸಿಯು ಬಾಗಿಲ ಹೊರಗೆ ನಿಂತವರನ್ನು ಒಳಗೆ ಕರೆದು ಡಾಕ್ಟರು ಪರಿಸ್ಥಿತಿ ವಿವರಿಸುತ್ತಾರೆ. ಕೊನೆಗೆ, ‘ಏನು ಮಾಡೋಣ ಅಂತೀರಿ?’ ಎನ್ನುತ್ತಾರೆ. ಆಪ್ತಸಮಾಲೋಚಕಿಯಾದ ನನ್ನ ಬಳಿ ಮನೆಯವರು ತರುವ ಸಂಕಟಗಳಲ್ಲಿ ಎಷ್ಟೋ ಈ ಒಂದು ಮಾತಿನಿಂದ ಶುರುವಾದವು. ಡಾಕ್ಟರು ಒಳ್ಳೆಯ ಮನಸ್ಸಿನಿಂದಲೇ ಕೇಳಿರುತ್ತಾರೆ. ಆದರೂ ಪ್ರಶ್ನೆಯನ್ನು ಹಾಗೆ ಇಡುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ. ವರ್ಷಗಟ್ಟಲೆ ಕೇಳಿಸಿಕೊಂಡ ಪ್ರಶ್ನೆಗಳನ್ನು, ಜನ ಕೇಳಿದ ಮಾತಿನಲ್ಲೇ, ಇಲ್ಲಿ ಬರೆದಿದ್ದೇನೆ.

‘ಏನು ಮಾಡೋಣ’ ಅಂದರೆ ನಾವೇನು ಹೇಳುವುದು?

ಉತ್ತರ ಹುಡುಕುವ ಮೊದಲು ಪ್ರಶ್ನೆಯನ್ನು ತಿದ್ದಿಕೊಳ್ಳಿ. ಮೇಲ್ನೋಟಕ್ಕೆ ಅದು ನಿಮ್ಮ ಇಷ್ಟವನ್ನು ಕೇಳುತ್ತಿದೆ. ನಿಮ್ಮ ಇಷ್ಟ ಏನೆಂದು ಯಾರಿಗೆ ಗೊತ್ತಿಲ್ಲ? ಅಪ್ಪ ಎದ್ದು ಕೂರಬೇಕು, ಮನೆಗೆ ಬರಬೇಕು. ಅದು ಆಗದು ಎಂದಾದ ಮೇಲೆ ಉಳಿಯುವ ಪ್ರಶ್ನೆ ಬೇರೆ. ಅಪ್ಪ ಐದೇ ನಿಮಿಷ ಪೂರ್ತಿ ಎಚ್ಚರವಾಗಿ, ಹಾಸಿಗೆಯಲ್ಲಿರುವ ತನ್ನನ್ನು ತಾನೇ ನೋಡಿ, ಡಾಕ್ಟರ ಮಾತನ್ನೆಲ್ಲ ಕೇಳಿಸಿಕೊಂಡರೆ ಏನು ಹೇಳಿಯಾರು? ಅವರ ಮಾತನ್ನು ಈ ಕೋಣೆಯವರೆಗೆ ಹೊತ್ತು ತರುವುದಷ್ಟೇ ನಿಮ್ಮ ಕೆಲಸ.

ಇದೂ ಸುಲಭವಲ್ಲ. 16 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2006ರ ವಿಶ್ಲೇಷಣೆಯಲ್ಲಿ, ಆಪ್ತರ ಊಹೆ ರೋಗಿಯ ನಿಜವಾದ ಆಯ್ಕೆಗೆ ತಾಳೆಯಾದದ್ದು ಶೇ 68ರಷ್ಟು ಸಲ ಮಾತ್ರ. ಜೊತೆಗೆ ಬದುಕಿದವರೇ ಮೂರರಲ್ಲಿ ಒಂದು ಸಲ ತಪ್ಪುತ್ತಾರೆ. ಹಾಗಾಗಿ ಊಹಿಸುವುದಕ್ಕಿಂತ ನೆನಪು ಮಾಡಿಕೊಳ್ಳುವುದು ಮೇಲು. ಬೇರೆ ಯಾರೋ ವರ್ಷಗಟ್ಟಲೆ ಹಾಸಿಗೆ ಹಿಡಿದಾಗ ಅವರು ಏನಂದಿದ್ದರು? ಹಿಂದಿನ ಸಲ ಆಸ್ಪತ್ರೆಯಿಂದ ಬಂದಾಗ ‘ಇನ್ನೊಮ್ಮೆ ಅಲ್ಲಿಗೆ ಬೇಡ’ ಅಂದಿದ್ದರೇ, ಅಥವಾ ‘ಎಷ್ಟು ಕಷ್ಟವಾದರೂ ಸರಿ, ಮೊಮ್ಮಗಳ ಮದುವೆ ನೋಡಬೇಕು’ ಅಂದಿದ್ದರೇ? ಎರಡಕ್ಕೂ ಒಂದೇ ತೂಕ.

ಹೀಗೆ ತಿದ್ದಿಕೊಳ್ಳದೆ ‘ನಾವೇ ತೀರ್ಮಾನಿಸಿದೆವು’ ಎಂದು ಹೊತ್ತವರಿಗೆ ಆ ಭಾರ ಬೇಗ ಇಳಿಯುವುದಿಲ್ಲ. ಫ್ರಾನ್ಸಿನ ಐಸಿಯುಗಳಲ್ಲಿ ನಡೆದ 2005ರ ಅಧ್ಯಯನವೊಂದು ಮೂರು ತಿಂಗಳ ನಂತರ ಕುಟುಂಬದವರನ್ನು ಮಾತಾಡಿಸಿತು. ಮೂವರಲ್ಲಿ ಒಬ್ಬರಿಗೆ ಆಘಾತದ ನಂತರದ ಮಾನಸಿಕ ಒತ್ತಡದ ಲಕ್ಷಣಗಳಿದ್ದವು. ಕೊನೆಯ ತೀರ್ಮಾನದಲ್ಲಿ ಪಾಲುಗೊಂಡವರಲ್ಲಿ ಆ ಪ್ರಮಾಣ ಶೇ 80 ದಾಟಿತ್ತು. ಇದನ್ನು ಓದಿ ತೀರ್ಮಾನದಿಂದ ಓಡಿಹೋಗಬೇಕಿಲ್ಲ. ಅದೇ ದೇಶದ 22 ಐಸಿಯುಗಳಲ್ಲಿ ಮುಂದೆ ಇನ್ನೊಂದು ಪ್ರಯೋಗ ನಡೆದು 2007ರಲ್ಲಿ ಪ್ರಕಟವಾಯಿತು. ಸಾಯುತ್ತಿದ್ದ ರೋಗಿಗಳ ಮನೆಯವರೊಂದಿಗೆ ಕೂತು ಮಾತಾಡುವ ಕ್ರಮವನ್ನು ಬದಲಿಸಿ, ಕೈಗೊಂದು ಸಣ್ಣ ಪುಸ್ತಿಕೆ ಕೊಟ್ಟರು. ಸಾಮಾನ್ಯ ಸಭೆಗಳಲ್ಲಿ ಮನೆಯವರು ಮಾತಾಡಿದ್ದು 5 ನಿಮಿಷ, ಹೊಸ ಕ್ರಮದಲ್ಲಿ 14 ನಿಮಿಷ. ಮೂರು ತಿಂಗಳ ಬಳಿಕ ಆ ಲಕ್ಷಣಗಳು ಶೇ 69ರ ಬದಲು ಶೇ 45 ಮಂದಿಯಲ್ಲಿ ಕಂಡವು. ಔಷಧವಿಲ್ಲ, ಯಂತ್ರವಿಲ್ಲ. ಒಂಬತ್ತು ನಿಮಿಷ ಹೆಚ್ಚು ಮಾತಾಡಲು ಬಿಟ್ಟರು, ಅಷ್ಟೆ. ಡಾಕ್ಟರು ಗಡಿಯಾರ ನೋಡಿಕೊಂಡರೂ ನಿಮ್ಮ ಮಾತನ್ನು ಪೂರ್ತಿ ಮಾಡಿ.

ವೆಂಟಿಲೇಟರ್ ತೆಗೆಸಿದರೆ ನಾವೇ ಕೊಂದಂತೆ ಅಲ್ಲವೇ?

ಇದನ್ನು ಜನ ಮೆಲ್ಲಗೆ, ನೆಲ ನೋಡುತ್ತಾ ಕೇಳುತ್ತಾರೆ.

ಈ ಸಂಕಟ ಮನುಷ್ಯನಿಗೆ ತೀರಾ ಹೊಸದು. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿದಾಗ ಉಸಿರಾಟದ ಸ್ನಾಯುಗಳು ಸೋತವರ ಶ್ವಾಸನಾಳಕ್ಕೆ ಕೊಳವೆ ಹಾಕಿ, ವೈದ್ಯಕೀಯ ವಿದ್ಯಾರ್ಥಿಗಳು ಸರದಿಯಲ್ಲಿ ಕೂತು ಕೈಯಿಂದಲೇ ಚೀಲ ಒತ್ತಿ ಉಸಿರು ಕೊಟ್ಟರು. ಇಂದಿನ ಐಸಿಯುಗಳ ಬೇರು ಅಲ್ಲಿದೆ. ಕಾಯಿಲೆ ಇಳಿಯುವವರೆಗೆ ಉಸಿರನ್ನು ಕಾಯ್ದುಕೊಳ್ಳುವುದು ಅದರ ಉದ್ದೇಶ. ಕಾಯಿಲೆ ಇಳಿಯುವುದೇ ಇಲ್ಲ ಎಂದಾದಾಗ ಏನು ಮಾಡಬೇಕೆಂದು ಯಂತ್ರಕ್ಕೆ ಗೊತ್ತಿಲ್ಲ. ನಮ್ಮ ಹಿರಿಯರಿಗೂ ಗೊತ್ತಿರಲಿಲ್ಲ, ಅವರಿಗೆ ಈ ಪ್ರಶ್ನೆ ಎದುರಾಗಿಯೇ ಇರಲಿಲ್ಲ. 1957ರಲ್ಲಿ ಅರಿವಳಿಕೆ ತಜ್ಞರು ಪೋಪ್ ಹನ್ನೆರಡನೆಯ ಪಯಸ್ ಅವರ ಮುಂದೆಯೇ ಇದನ್ನು ಇಟ್ಟರು. ಅಸಾಧಾರಣ ಸಾಧನಗಳಿಂದ ಜೀವ ಹಿಡಿದಿಡಲೇಬೇಕೆಂಬ ಕಟ್ಟುಪಾಡಿಲ್ಲ ಎಂದು ಅವರು ಉತ್ತರಿಸಿದರು.

ವೈದ್ಯಕೀಯ ನೀತಿಶಾಸ್ತ್ರದ ಹೆಚ್ಚಿನವರು ಒಪ್ಪುವ ಮಾತು ಇದು: ಫಲವಿಲ್ಲದ ಚಿಕಿತ್ಸೆಯನ್ನು ಶುರು ಮಾಡದೇ ಇರುವುದೂ ಶುರು ಮಾಡಿದ್ದನ್ನು ನಿಲ್ಲಿಸುವುದೂ ನೈತಿಕವಾಗಿ ಒಂದೇ. ಸಾವಿಗೆ ಕಾರಣ ಕಾಯಿಲೆ. ಆದರೆ ಬುದ್ಧಿ ಇದನ್ನು ಒಪ್ಪಿದರೂ ಕೈ ಒಪ್ಪುವುದಿಲ್ಲ. ಸುಮ್ಮನಿದ್ದು ಆದದ್ದಕ್ಕಿಂತ ಮಾಡಿ ಆದದ್ದು ಮನಸ್ಸಿಗೆ ಹೆಚ್ಚು ಚುಚ್ಚುತ್ತದೆ. ನಿಮಗೆ ಹಾಗನ್ನಿಸುತ್ತಿದ್ದರೆ ಅದು ಮನಸ್ಸಿನ ಸ್ವಭಾವ, ತಪ್ಪಿಗೆ ಸಾಕ್ಷಿಯಲ್ಲ. ಈ ಭಯಕ್ಕೆ ಒಂದು ಅಡ್ಡ ಪರಿಣಾಮವೂ ಇದೆ. ‘ಹಾಕಿದರೆ ತೆಗೆಯಲಾಗದು’ ಎಂದು ಹೆದರಿ, ಉಪಯೋಗವಾಗಬಹುದಾಗಿದ್ದ ವೆಂಟಿಲೇಟರನ್ನೂ ಕೆಲವರು ಬೇಡವೆನ್ನುತ್ತಾರೆ.

ತೆಗೆದ ಕೂಡಲೇ ಸಾವು ಎಂಬುದೂ ಖಚಿತವಲ್ಲ. ಅಮೆರಿಕದ ಕ್ಯಾರೆನ್ ಆ್ಯನ್ ಕ್ವಿನ್ಲನ್ ಪ್ರಕರಣದಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 1976ರಲ್ಲಿ ವೆಂಟಿಲೇಟರ್ ತೆಗೆಯಲು ಒಪ್ಪಿತು. ತೆಗೆದ ಮೇಲೆ ಆಕೆ ತಾನಾಗಿ ಉಸಿರಾಡಿದಳು. ಪ್ರಜ್ಞೆ ಮರಳಲಿಲ್ಲ, ಆದರೆ ತೀರಿಕೊಂಡದ್ದು 1985ರಲ್ಲಿ. ಆಕೆಯ ಹೆತ್ತವರು ಬೇಡವೆಂದದ್ದು ಯಂತ್ರವನ್ನು. ನಳಿಕೆಯ ಮೂಲಕ ಕೊಡುತ್ತಿದ್ದ ಆಹಾರವನ್ನು ಅವರು ಕೊನೆಯವರೆಗೂ ನಿಲ್ಲಿಸಲಿಲ್ಲ.

ಹಾಗಾದರೆ ಇದು ದಯಾಮರಣವೇ?

ಆ ಒಂದೇ ಪದದಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ತುಂಬುವುದರಿಂದ ಗೊಂದಲ. ಫಲವಿಲ್ಲದ ಚಿಕಿತ್ಸೆ ನಿಲ್ಲಿಸಿ ಕಾಯಿಲೆಯನ್ನು ಅದರ ಹಾದಿಗೆ ಬಿಡುವುದು ಒಂದು. ರೋಗಿ ತಾನೇ ತೆಗೆದುಕೊಳ್ಳಲೆಂದು ವೈದ್ಯರು ಮಾರಕ ಔಷಧ ಬರೆದುಕೊಡುವುದು ಇನ್ನೊಂದು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ 1997ರಿಂದ ಇದು ಜಾರಿಯಲ್ಲಿದೆ. ವೈದ್ಯರೇ ಚುಚ್ಚುಮದ್ದು ಕೊಟ್ಟು ಜೀವ ಕೊನೆಗೊಳಿಸುವುದು ಮೂರನೆಯದು. ಇದಕ್ಕೆ ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ 2002ರಲ್ಲಿ, ಕೆನಡಾ 2016ರಲ್ಲಿ ಷರತ್ತುಬದ್ಧ ಅವಕಾಶ ಕೊಟ್ಟವು. ಭಾರತದಲ್ಲಿ ಮೊದಲನೆಯದನ್ನು ಸುಪ್ರೀಂ ಕೋರ್ಟ್ 2011ರಲ್ಲಿ, ದಶಕಗಳಿಂದ ಹಾಸಿಗೆ ಹಿಡಿದಿದ್ದ ನರ್ಸ್ ಅರುಣಾ ಶಾನಬಾಗ್ ಪ್ರಕರಣದಲ್ಲಿ ತಾತ್ವಿಕವಾಗಿ ಒಪ್ಪಿ, 2018ರಲ್ಲಿ ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗ ಎಂದಿತು. ಉಳಿದೆರಡು ಅಲ್ಲಿ ಅಪರಾಧ.

ಮೊದಲನೆಯದಕ್ಕೂ ಮೂರನೆಯದಕ್ಕೂ ನೈತಿಕ ವ್ಯತ್ಯಾಸವೇ ಇಲ್ಲ ಎಂದು ತತ್ವಶಾಸ್ತ್ರಜ್ಞ ಜೇಮ್ಸ್ ರೇಚಲ್ಸ್ 1975ರಲ್ಲೇ ವಾದಿಸಿದ್ದರು. ಆ ವಾದ ಜಾಣತನದ್ದು, ಒಡೆಯುವುದು ಕಷ್ಟ. ಆದರೆ ಹಾಸಿಗೆಯ ಪಕ್ಕ ನಿಂತವರಿಗೆ ಎರಡೂ ಒಂದೇ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಮಾರ್ಫಿನ್ ಕೊಟ್ಟರೆ ಬೇಗ ಸಾಯುತ್ತಾರಂತೆ, ಹೌದೇ?

ನೋವಿಗೆ ತಕ್ಕಂತೆ ಅಳೆದು, ಮೆಲ್ಲಗೆ ಏರಿಸುತ್ತ ಕೊಟ್ಟರೆ ಇಲ್ಲ. ಈ ನಂಬಿಕೆ ಹುಟ್ಟಿದ್ದಕ್ಕೆ ಕಾರಣ ಸರಳ: ಎಷ್ಟೋ ಕಡೆ ಮಾರ್ಫಿನ್ ಕೊಡುವುದೇ ಕೊನೆಯ ಒಂದೆರಡು ದಿನಕ್ಕೆ. ಅದು ಬಂದ ಮೇಲೆ ಸಾವು ಬಂತು, ಹಾಗಾಗಿ ಅದೇ ತಂದಿತು ಎನ್ನುತ್ತೇವೆ. ಉಸಿರಾಟಕ್ಕೆ ಸ್ವಲ್ಪ ಅಪಾಯವಿರಬಹುದಾದ ವಿರಳ ಸಂದರ್ಭಗಳಿಗೆ ನೀತಿಶಾಸ್ತ್ರದಲ್ಲಿ ಹಳೆಯ ತತ್ವವೊಂದಿದೆ. ಬಯಸಿದ್ದು ನೋವು ಶಮನ. ಇನ್ನೊಂದು ಪರಿಣಾಮ ಗೊತ್ತಿದ್ದರೂ ಬಯಸಿದ್ದಲ್ಲ. ಒಳ್ಳೆಯದಕ್ಕೂ ಅಪಾಯಕ್ಕೂ ಪ್ರಮಾಣ ಸರಿಯಾಗಿದೆ. ಇಷ್ಟಿದ್ದರೆ ಅದು ತಪ್ಪಲ್ಲ. ನೋವಿನಿಂದ ಹಲ್ಲು ಕಚ್ಚಿ ಮಲಗಿರುವ ಮನುಷ್ಯನಿಗೆ ‘ಅಭ್ಯಾಸವಾಗಿಬಿಡುತ್ತದೆ’ ಎಂದು ಹೇಳಿ ಔಷಧ ತಪ್ಪಿಸುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಹೃದಯ ನಿಂತರೆ ಎದೆ ಒತ್ತಿ ಬದುಕಿಸಬಹುದಲ್ಲ? ‘ಸಿಪಿಆರ್ ಬೇಡ’ ಎಂದು ಸಹಿ ಯಾಕೆ ಕೇಳುತ್ತಾರೆ?

ಟಿವಿಯಲ್ಲಿ ಬದುಕಿಸಬಹುದು. ಅಮೆರಿಕದ ಆಸ್ಪತ್ರೆ ಧಾರಾವಾಹಿಗಳನ್ನು ಕೂತು ಎಣಿಸಿದ 1996ರ ಅಧ್ಯಯನದಲ್ಲಿ ಸಿಪಿಆರ್ ಆದ ನಾಲ್ಕು ಪಾತ್ರಗಳಲ್ಲಿ ಮೂರು ಆ ಗಳಿಗೆಗೆ ಬದುಕಿದ್ದವು. ನಿಜವಾದ ಆಸ್ಪತ್ರೆಯಲ್ಲಿ ಹೃದಯ ನಿಂತವರ ಪೈಕಿ ಮನೆಗೆ ಮರಳುವವರು ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬರು. ಹರಡಿದ ಕ್ಯಾನ್ಸರ್, ಒಂದಾದ ಮೇಲೊಂದು ಅಂಗ ಸೋತ ಸ್ಥಿತಿಗಳಲ್ಲಿ ಇನ್ನೂ ಬಹಳ ಕಡಿಮೆ. 1960ರಲ್ಲಿ ಈ ವಿಧಾನ ಬಂದದ್ದು ಚೆನ್ನಾಗಿದ್ದು ಇದ್ದಕ್ಕಿದ್ದಂತೆ ಹೃದಯ ನಿಂತವರಿಗಾಗಿ. ವಯಸ್ಸಾದ ದೇಹದಲ್ಲಿ ಪಕ್ಕೆಲುಬು ಮುರಿಯುವುದು ಸಾಮಾನ್ಯ. ಕೇಳಬೇಕಾದ ಪ್ರಶ್ನೆ: ಹೃದಯ ನಿಂತದ್ದು ಅವಘಡವೋ, ಕಾಯಿಲೆಯ ಕೊನೆಯ ಹೆಜ್ಜೆಯೋ?

ಒಂದು ಎಚ್ಚರಿಕೆ. ‘ಸಿಪಿಆರ್ ಬೇಡ’ ಎಂಬುದಕ್ಕೆ ‘ಬೇರೇನೂ ಬೇಡ’ ಎಂಬ ಅರ್ಥ ಇಲ್ಲ. ಸೋಂಕಿಗೆ ಮದ್ದು, ನೋವಿಗೆ ಮದ್ದು, ಆರೈಕೆ ಎಲ್ಲವೂ ಮುಂದುವರಿಯಬೇಕು. ಸಹಿ ಹಾಕುವಾಗ ಇದನ್ನು ಬಾಯಿಬಿಟ್ಟು ಕೇಳಿ ಖಚಿತಪಡಿಸಿಕೊಳ್ಳಿ.

ಊಟ ನಿಲ್ಲಿಸುವುದು ಹೇಗೆ? ಉಪವಾಸ ಕೆಡವಿದಂತೆ ಆಗುವುದಿಲ್ಲವೇ?

ವೆಂಟಿಲೇಟರ್ ತೆಗೆಯಲು ಒಪ್ಪಿದವರೂ ಇಲ್ಲಿ ತಡೆಯುತ್ತಾರೆ. ಉಣಿಸುವುದು ಚಿಕಿತ್ಸೆಯಂತೆ ಕಾಣುವುದಿಲ್ಲ, ಪ್ರೀತಿಯಂತೆ ಕಾಣುತ್ತದೆ. ಆದರೆ ಸಾಯುತ್ತಿರುವ ದೇಹ ತಾನೇ ಊಟ ಬಿಡುತ್ತದೆ. ಉಣ್ಣದೆ ಸಾಯುತ್ತಿದ್ದಾರೆ ಎಂದು ನಮಗೆ ಕಾಣುವುದು ಬಹುಪಾಲು ಸಾಯುತ್ತಿರುವುದರಿಂದ ಉಣ್ಣುತ್ತಿಲ್ಲ ಎಂಬ ಸ್ಥಿತಿ. ಕೊನೆಯ ಹಂತದ ಡಿಮೆನ್ಷಿಯಾದಲ್ಲಿ (ಮರೆವಿನ ಕಾಯಿಲೆಯಲ್ಲಿ) ನಳಿಕೆಯ ಮೂಲಕ ಆಹಾರ ಕೊಟ್ಟರೆ ಆಯುಸ್ಸು ಹೆಚ್ಚುವುದಕ್ಕೆ ಆಧಾರವಿಲ್ಲ. ನಳಿಕೆ ಕಿತ್ತುಕೊಳ್ಳದಂತೆ ಕೈ ಕಟ್ಟಬೇಕಾಗಿ ಬರುತ್ತದೆ. ಅಮೆರಿಕದ ವೃದ್ಧಾಪ್ಯ ವೈದ್ಯರ ಸಂಘ ಅದರ ಬದಲು ಕೈಯಿಂದ, ತಾಳ್ಮೆಯಿಂದ, ಅವರು ತೆಗೆದುಕೊಂಡಷ್ಟು ಉಣಿಸಿ ಎನ್ನುತ್ತದೆ.

ಡ್ರಿಪ್ ಬಗ್ಗೆಯೂ ಇದೇ ಮಾತು. ಕೊನೆಯ ಹಂತದ 129 ಕ್ಯಾನ್ಸರ್ ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ ಒಂದು ಲೀಟರ್, ಉಳಿದವರಿಗೆ ಬರೀ 100 ಮಿಲಿಲೀಟರ್ ಸಲೈನ್ ಕೊಟ್ಟು ಹೋಲಿಸಿದ 2013ರ ಪ್ರಯೋಗದಲ್ಲಿ ಆರಾಮದಲ್ಲಾಗಲಿ ಆಯುಸ್ಸಿನಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಕಾಡುವುದು ಬಾಯಿ ಒಣಗುವಿಕೆ. ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ಒರೆಸುತ್ತಿರಿ. ಉಣಿಸುವ ಕೈಗೆ ಒಂದು ಕೆಲಸವೂ ಸಿಕ್ಕಂತಾಗುತ್ತದೆ.

ಅವರಿಗೆ ನಿಜ ಹೇಳಬೇಕೇ? ಹೇಳಿದರೆ ಕುಸಿದುಬಿಡುತ್ತಾರೆ.

ಅಮೆರಿಕದಲ್ಲಿ 1961ರಲ್ಲಿ ಸಮೀಕ್ಷೆ ಮಾಡಿದಾಗ ಸುಮಾರು ಶೇ 90 ವೈದ್ಯರು ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ಮೇಲು ಎಂದಿದ್ದರು. 1979ರ ಹೊತ್ತಿಗೆ ಅಂಕಿ ತಲೆಕೆಳಗಾಗಿ, ಶೇ 97 ಮಂದಿ ಹೇಳುತ್ತೇವೆ ಎಂದರು. ಹದಿನೆಂಟು ವರ್ಷದಲ್ಲಿ ರೋಗಿಗಳ ಎದೆಯೇನೂ ಗಟ್ಟಿಯಾಗಲಿಲ್ಲ. ಬದಲಾದವರು ವೈದ್ಯರು.

ನನ್ನ ಅನುಭವದಲ್ಲಿ ರೋಗಿಗೆ ಗೊತ್ತಿರುತ್ತದೆ. ಮನೆಯವರಿಗೆ ಗೊತ್ತಿರುವುದೂ ಅವರಿಗೆ ಗೊತ್ತಿರುತ್ತದೆ. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ನಾಟಕ ಶುರು ಮಾಡುತ್ತಾರೆ. ‘ಅವಳಿಗೆ ಹೇಳಬೇಡಿ, ತಡೆದುಕೊಳ್ಳಲ್ಲ’ ಎಂದು ಗಂಡ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಅರ್ಧ ಗಂಟೆಗೆ, ‘ಇವರಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳಿ’ ಎಂದು ಹೆಂಡತಿ ಹೇಳಿದ್ದನ್ನು ಕೇಳಿದ್ದೇನೆ. ಆ ನಾಟಕದಲ್ಲಿ ಹಾಳಾಗುವುದು ಇಬ್ಬರ ಕೊನೆಯ ತಿಂಗಳುಗಳು.

ಹಾಗೆಂದು ಸತ್ಯವನ್ನು ಕಲ್ಲಿನಂತೆ ಎಸೆಯುವುದೂ ಬೇಡ. ಎಲ್ಲವನ್ನೂ ತಿಳಿಯುವ ಹಕ್ಕಿರುವಂತೆ ತಿಳಿಯದೇ ಇರುವ ಹಕ್ಕೂ ಇದೆ. ಮೊದಲು ಕೇಳಿ: ‘ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನನ್ನಿಸುತ್ತಿದೆ? ಡಾಕ್ಟರು ಹೇಳುವುದನ್ನು ನಿಮಗೇ ಹೇಳಬೇಕೋ, ನಮ್ಮಲ್ಲಿ ಯಾರಿಗಾದರೂ ಸಾಕೋ?’ ‘ನನಗೆ ಬೇಡ, ಮಗಳಿಗೆ ಹೇಳಿ’ ಎಂದರೆ ಅದು ಅವರದೇ ಆಯ್ಕೆ, ಗೌರವಿಸಿ. ಅವರನ್ನು ಕೇಳದೆ ಮನೆಯವರು ಸೇರಿ ಮುಚ್ಚಿಡುವುದು ಬೇರೆ ವಿಷಯ.

ಸಾಯುತ್ತಿರುವುದು ಮಗು. ಮಗುವಿನ ಹತ್ತಿರ ಸಾವಿನ ಮಾತಾಡುವುದೇ?

ಸ್ವೀಡನ್ನಿನಲ್ಲಿ ಕ್ಯಾನ್ಸರಿನಿಂದ ಮಕ್ಕಳನ್ನು ಕಳೆದುಕೊಂಡ ಹೆತ್ತವರನ್ನು ಕೇಳಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಮಗುವಿನ ಜೊತೆ ಸಾವಿನ ಬಗ್ಗೆ ಮಾತಾಡಿದ್ದ 147 ಮಂದಿಯಲ್ಲಿ ಒಬ್ಬರೂ ‘ಆಡಬಾರದಿತ್ತು’ ಎನ್ನಲಿಲ್ಲ. ಮಾತಾಡದೇ ಇದ್ದ 258 ಮಂದಿಯಲ್ಲಿ 69 ಮಂದಿಗೆ ‘ಆಡಬೇಕಿತ್ತು’ ಎಂಬ ಕೊರಗು ಉಳಿದಿತ್ತು. ಮಗುವಿಗೆ ಗೊತ್ತಾಗಿದೆ ಎಂದು ಅನ್ನಿಸಿದ್ದ ಹೆತ್ತವರಲ್ಲಿ ಈ ಕೊರಗು ಇನ್ನೂ ಹೆಚ್ಚು. ಮಾತೇ ಆಗಬೇಕೆಂದಿಲ್ಲ, ಚಿತ್ರ, ಕಥೆ, ಗೊಂಬೆ ಸಾಕಾಗುತ್ತದೆ. ಮಗು ಕೇಳಿದಷ್ಟಕ್ಕೆ ಉತ್ತರ, ಸುಳ್ಳಿಲ್ಲದ ಉತ್ತರ.

ಇನ್ನೆಷ್ಟು ದಿನ ಎಂದು ಡಾಕ್ಟರು ಹೇಳಿದ್ದನ್ನು ನಂಬಬಹುದೇ?

ಅದನ್ನು ತಾರೀಖು ಎಂದುಕೊಳ್ಳಬೇಡಿ. ಶಿಕಾಗೋದಲ್ಲಿ 468 ಅಂತಿಮ ಹಂತದ ರೋಗಿಗಳ ಬಗ್ಗೆ 343 ವೈದ್ಯರ ಅಂದಾಜನ್ನು ತಾಳೆ ನೋಡಿದ ಅಧ್ಯಯನ 2000ದಲ್ಲಿ ಬಂತು. ಸರಿಹೋದದ್ದು ಶೇ 20 ಮಾತ್ರ. ಶೇ 63 ಅಂದಾಜುಗಳು ಅತಿ ಆಶಾವಾದದವು. ಒಟ್ಟಾರೆ ವೈದ್ಯರು ನಿಜವಾದ ಅವಧಿಯ ಐದು ಪಟ್ಟಿಗಿಂತ ಹೆಚ್ಚು ಹೇಳಿದ್ದರು. ರೋಗಿಯ ಪರಿಚಯ ಹಳೆಯದಾದಷ್ಟೂ ವೈದ್ಯರ ಅಂದಾಜು ಹೆಚ್ಚು ತಪ್ಪಿತ್ತು. ಅವರೂ ಮನುಷ್ಯರೇ. ‘ಎಷ್ಟು ದಿನ’ ಎಂಬುದಕ್ಕಿಂತ ‘ವರ್ಷಗಳೋ, ತಿಂಗಳುಗಳೋ, ವಾರಗಳೋ’ ಎಂದು ಕೇಳಿದರೆ ನೇರ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ‘ಇವರು ಒಂದು ವರ್ಷದೊಳಗೆ ಹೋದರೆ ನಿಮಗೆ ಆಶ್ಚರ್ಯವಾಗುತ್ತದೆಯೇ?’ ಎಂಬುದು ವೈದ್ಯರು ತಮ್ಮನ್ನು ತಾವೇ ಕೇಳಿಕೊಳ್ಳುವ ಪ್ರಶ್ನೆ. ನೀವೂ ಅವರನ್ನು ಕೇಳಬಹುದು.

‘ಸಾಕು, ನನ್ನನ್ನು ಕಳಿಸಿಬಿಡಿ’ ಎನ್ನುತ್ತಾರೆ. ಇದು ಅವರ ನಿರ್ಧಾರವೋ, ಖಿನ್ನತೆಯೋ?

ಎರಡೂ ಇರಬಹುದು, ಎರಡೂ ಅಲ್ಲದೆಯೂ ಇರಬಹುದು. ಒಂದು ಸಲ ಕೇಳಿ ತೀರ್ಪು ಕೊಡಬೇಡಿ. ಕೆನಡಾದ ಮನೋವೈದ್ಯ ಹಾರ್ವಿ ಚೊಚಿನೊವ್ ಮತ್ತು ಸಂಗಡಿಗರು 168 ಕ್ಯಾನ್ಸರ್ ರೋಗಿಗಳ ಬದುಕುವ ಆಸೆಯನ್ನು ದಿನಕ್ಕೆರಡು ಸಲ, ನೂರರ ಅಳತೆಗೋಲಿನಲ್ಲಿ ಗುರುತಿಸಿದರು. ಬರೀ ಹನ್ನೆರಡು ಗಂಟೆಗಳ ಅಂತರದಲ್ಲಿ ಒಬ್ಬೊಬ್ಬರಲ್ಲಿ ಕಂಡ ಅತಿ ದೊಡ್ಡ ಏರಿಳಿತ ಸರಾಸರಿ 30ಕ್ಕೂ ಹೆಚ್ಚಿತ್ತು. 1999ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾನು ಮನೆಯವರಿಗೆ ಮತ್ತೆ ಮತ್ತೆ ಹೇಳುತ್ತೇನೆ. ರಾತ್ರಿ ‘ಸಾಕು’ ಎಂದವರು ಬೆಳಿಗ್ಗೆ ಪತ್ರಿಕೆ ಕೇಳಬಹುದು. ಆಸೆಯನ್ನು ಕೆಳಗೆಳೆಯುತ್ತಿದ್ದವು ಖಿನ್ನತೆ, ಆತಂಕ ಮತ್ತು ಏದುಸಿರು. ಮೂರಕ್ಕೂ ಮದ್ದಿದೆ.

‘ಸಾಕು’ ಎಂಬುದರ ಹಿಂದೆ ಏನಿದೆ ಎಂದು ಕೆದಕಬೇಕು. ನೋವು ತಡೆಯಲಾಗುತ್ತಿಲ್ಲವೇ? ಮಗಳಿಗೆ ಹೊರೆಯಾದೆ ಎಂಬ ಕೊರಗೇ? ಇನ್ನೊಬ್ಬರು ಮೈ ತೊಳೆಯಬೇಕಾದ ನಾಚಿಕೆಯೇ? ಅಥವಾ ‘ಇನ್ನೂ ನಾನು ನಿಮಗೆ ಬೇಕೇ?’ ಎಂಬುದನ್ನು ತಿರುಗಿಸಿ ಕೇಳುತ್ತಿದ್ದಾರೆಯೇ? ಒರೆಗಾನ್‌ನಲ್ಲಿ ಮಾರಕ ಔಷಧ ಕೇಳಿದವರ ಕಾರಣಗಳನ್ನು ವರ್ಷವರ್ಷವೂ ದಾಖಲಿಸುತ್ತಾರೆ. ಪಟ್ಟಿಯ ಮೇಲ್ಭಾಗದಲ್ಲಿರುವುದು ಸ್ವಾತಂತ್ರ್ಯ ಕಳೆದುಕೊಳ್ಳುವುದು, ಇಷ್ಟದ ಕೆಲಸ ಮಾಡಲಾಗದಿರುವುದು, ಘನತೆ ಹೋಗುವುದು. ದೈಹಿಕ ನೋವು ಅವುಗಳ ಕೆಳಗೆ ಬರುತ್ತದೆ. 1967ರಲ್ಲಿ ಲಂಡನ್ನಿನಲ್ಲಿ ಕೊನೆಯ ದಿನಗಳ ರೋಗಿಗಳ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಾಲಯ (ಹಾಸ್ಪಿಸ್) ತೆರೆದ ಸಿಸಿಲಿ ಸಾಂಡರ್ಸ್ ನೋವು ಮೈಯದು, ಮನಸ್ಸಿನದು, ಸಂಬಂಧಗಳದು, ನಂಬಿಕೆಯದು, ನಾಲ್ಕೂ ಹೆಣೆದುಕೊಂಡದ್ದು ಎನ್ನುತ್ತಿದ್ದರು. ನರ್ಸ್ ಆಗಿ, ಸಮಾಜ ಕಾರ್ಯಕರ್ತೆಯಾಗಿ, ಆಮೇಲೆ ಡಾಕ್ಟರಾಗಿ ದುಡಿದವರಿಗೆ ಮಾತ್ರ ಹೊಳೆಯುವ ಮಾತು.

ಇಷ್ಟೆಲ್ಲ ನೋಡಿದ ಮೇಲೂ, ಖಿನ್ನತೆಗೆ ಮದ್ದು ಕೊಟ್ಟು ನೋವು ಇಳಿಸಿದ ಮೇಲೂ, ‘ಈ ಚಿಕಿತ್ಸೆ ಸಾಕು’ ಎಂದೇ ಹೇಳಿದರೆ ಅದು ಅವರ ನಿರ್ಧಾರ. ನಿರ್ಧರಿಸುವ ಸಾಮರ್ಥ್ಯ ಇದೆಯೇ ಎಂದು ನೋಡಲು ವೈದ್ಯರು ನಾಲ್ಕು ಸಂಗತಿ ಪರೀಕ್ಷಿಸುತ್ತಾರೆ: ಹೇಳಿದ್ದು ಅರ್ಥವಾಗಿದೆಯೇ, ಅದು ತನಗೇ ಅನ್ವಯಿಸುತ್ತದೆ ಎಂಬ ಅರಿವಿದೆಯೇ, ಆಯ್ಕೆಗಳನ್ನು ತೂಗಿ ನೋಡಬಲ್ಲರೇ, ತನ್ನ ಆಯ್ಕೆಯನ್ನು ತಿಳಿಸಬಲ್ಲರೇ. ನಮಗೆ ಇಷ್ಟವಾಗದ ಉತ್ತರ ಕೊಟ್ಟರು ಎಂಬುದು ಸಾಮರ್ಥ್ಯ ಇಲ್ಲ ಎಂಬುದಕ್ಕೆ ಗುರುತಲ್ಲ.

ಅಣ್ಣ ತಮ್ಮಂದಿರಲ್ಲೇ ಒಮ್ಮತವಿಲ್ಲ. ಯಾರ ಮಾತು ನಡೆಯಬೇಕು?

ಸಾಮಾನ್ಯವಾಗಿ ಜಗಳ ಎಬ್ಬಿಸುವವರು ದೂರದಿಂದ ಬಂದ ಮಗ ಅಥವಾ ಮಗಳು. ‘ಎಲ್ಲವನ್ನೂ ಮಾಡಿ’ ಎಂದು ಅವರು ಕೂಗಾಡುವುದು ದೂರ ಇದ್ದೆ ಎಂಬ ಅಪರಾಧಿ ಭಾವದಿಂದ. ಅವರನ್ನು ಖಳನಾಯಕ ಮಾಡಬೇಡಿ. ನೀವು ಆರು ತಿಂಗಳಲ್ಲಿ ಹಂತಹಂತವಾಗಿ ಕಂಡದ್ದನ್ನು ಅವರು ಒಂದೇ ಮಧ್ಯಾಹ್ನದಲ್ಲಿ ಕಾಣಬೇಕಾಗಿದೆ. ಒಂದೆರಡು ದಿನ ರೋಗಿಯ ಪಕ್ಕ ಕೂರಲು ಬಿಡಿ. ವಾದದಿಂದ ಆಗದ್ದು ಅದರಿಂದ ಆಗಬಹುದು.

ಬಗೆಹರಿಯದಿದ್ದರೆ ಎಲ್ಲಿಗೆ ಹೋಗಬಹುದು ಎಂಬುದಕ್ಕೆ ಅಮೆರಿಕದ ಟೆರಿ ಶೈವೊ ಪ್ರಕರಣ ಇದೆ. 1990ರಲ್ಲಿ 26ರ ವಯಸ್ಸಿನಲ್ಲಿ ಕುಸಿದು, ಪ್ರಜ್ಞೆ ಮರಳದೆ ನಳಿಕೆಯ ಆಹಾರದ ಮೇಲೆ ಉಳಿದ ಆಕೆ ಏನನ್ನೂ ಬರೆದಿಟ್ಟಿರಲಿಲ್ಲ. ಆಕೆಗೆ ಹೀಗೆ ಬದುಕುವುದು ಬೇಡವಾಗಿತ್ತು ಎಂದು ಗಂಡ, ಅಲ್ಲ ಎಂದು ಹೆತ್ತವರು. ನ್ಯಾಯಾಲಯ, ಶಾಸನಸಭೆ, ಕೊನೆಗೆ ದೇಶದ ಅಧ್ಯಕ್ಷರವರೆಗೆ ಹೋಗಿ 2005ರಲ್ಲಿ ಆಕೆ ತೀರಿಕೊಂಡಾಗಲೂ ಎರಡು ಕಡೆಯವರು ಒಂದಾಗಲಿಲ್ಲ.

ದುಡ್ಡು ಮುಗಿಯುತ್ತಿದೆ. ಆ ಕಾರಣಕ್ಕೆ ನಿಲ್ಲಿಸಿದರೆ ನಾವು ಕೆಟ್ಟವರೇ?

ಅಲ್ಲ. ಈ ಪ್ರಶ್ನೆಯನ್ನು ನೀತಿಶಾಸ್ತ್ರದ ಪುಸ್ತಕಗಳು ನಾಜೂಕಾಗಿ ದಾಟಿಹೋಗುತ್ತವೆ, ಮನೆಗಳಲ್ಲಿ ಅದೇ ಮೊದಲನೆಯದು. ಬದುಕಿರುವವರ ಬದುಕೂ ತೂಕಕ್ಕೆ ಬರುತ್ತದೆ. ಹಾಸಿಗೆಯಲ್ಲಿರುವವರೇ ಎಷ್ಟೋ ಸಲ ‘ನನಗಾಗಿ ಮಕ್ಕಳ ಓದು ನಿಲ್ಲಿಸಬೇಡಿ’ ಎಂದಿರುತ್ತಾರೆ. ಆದರೆ ಎರಡು ಮಾತುಗಳನ್ನು ಬೆರೆಸಬೇಡಿ. ‘ಚಿಕಿತ್ಸೆಯಿಂದ ಫಲವಿಲ್ಲ’ ಎಂಬುದು ಒಂದು, ‘ಫಲವಿದೆ, ನಮಗೆ ಭರಿಸಲಾಗದು’ ಎಂಬುದು ಇನ್ನೊಂದು. ಎರಡನೆಯದಾದರೆ ನೇರವಾಗಿ ಹೇಳಿ, ಬೇರೆ ದಾರಿ, ಬೇರೆ ಆಸ್ಪತ್ರೆ, ನೆರವು ಇರಬಹುದು. ಅದನ್ನು ಮೊದಲನೆಯದರ ಬಟ್ಟೆ ತೊಡಿಸಿ ಮುಚ್ಚಿಟ್ಟರೆ ಮುಂದೆ ಅದೇ ಕೊರೆಯುತ್ತದೆ.

ಉಪಶಾಮಕ ಆರೈಕೆ ಅಂದರೆ ಕೈಚೆಲ್ಲಿ ಕೂರುವುದೇ?

ಇದು ಹಳೆಯ ತಪ್ಪು ಕಲ್ಪನೆ. ಕಾಯಿಲೆ ಗುಣವಾಗಲಿ ಬಿಡಲಿ, ನೋವು, ಏದುಸಿರು, ಆತಂಕ ಇಳಿಸಿ ಆರಾಮ ಕೊಡುವ ಆರೈಕೆ (ಪ್ಯಾಲಿಯೇಟಿವ್ ಕೇರ್) ಅದು. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಮಂದಿಯ ಮೇಲೆ ಬಾಸ್ಟನ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಉಪಶಾಮಕ ಆರೈಕೆ ಪಡೆದವರಲ್ಲಿ ಖಿನ್ನತೆ ಕಡಿಮೆ ಇತ್ತು. ಕೊನೆಗಾಲದಲ್ಲಿ ಕಠಿಣ ಚಿಕಿತ್ಸೆ ಪಡೆದವರೂ ಕಡಿಮೆ. ಆದರೂ ಅವರು ಬದುಕಿದ ಅವಧಿಯ ಮಧ್ಯಾಂಕ (ಅರ್ಧದಷ್ಟು ಮಂದಿ ದಾಟಿದ ಅವಧಿ) 11.6 ತಿಂಗಳು, ಉಳಿದವರದು 8.9 ತಿಂಗಳು. ‘ಇನ್ನು ಮಾಡಲು ಏನೂ ಇಲ್ಲ’ ಎಂದು ಡಾಕ್ಟರೊಬ್ಬರು ಹೇಳಿದರೆ, ‘ಕಾಯಿಲೆಗೋ, ಮನುಷ್ಯನಿಗೋ?’ ಎಂದು ಕೇಳಿ.

ಎಲ್ಲವನ್ನೂ ಮಾಡಿ ಎನ್ನುತ್ತಿದ್ದೇವೆ, ಡಾಕ್ಟರು ಒಪ್ಪುತ್ತಿಲ್ಲ.

ಚಿಕಿತ್ಸೆ ಬೇಡವೆನ್ನುವ ಹಕ್ಕು ರೋಗಿಗಿದೆ. ಫಲವಿಲ್ಲದ ಚಿಕಿತ್ಸೆಯನ್ನು ಮಾಡಲೇಬೇಕು ಎಂದು ವೈದ್ಯರನ್ನು ಕಟ್ಟಿಹಾಕುವ ಹಕ್ಕು ಇಲ್ಲ. ಆದರೆ ‘ಫಲ’ ಎಂದರೇನು ಎಂಬುದನ್ನು ವೈದ್ಯರೊಬ್ಬರೇ ನಿರ್ಧರಿಸಲಾರರು. ನಾಲ್ಕು ದಿನ ಹೆಚ್ಚು ಬದುಕಿ ದೂರದ ಮಗಳನ್ನು ನೋಡುವುದು ಯಂತ್ರದ ಲೆಕ್ಕದಲ್ಲಿ ಏನೂ ಅಲ್ಲ, ತಾಯಿಯ ಲೆಕ್ಕದಲ್ಲಿ ಎಲ್ಲವೂ. ಇಂಥ ಕಡೆ ಅವಧಿ ಕಟ್ಟಿದ ಪ್ರಯತ್ನ ಒಳ್ಳೆಯ ದಾರಿ. ಇಷ್ಟು ದಿನ ಎಲ್ಲ ಚಿಕಿತ್ಸೆ ಕೊಡೋಣ, ಇಂಥಿಂಥ ಸುಧಾರಣೆ ಕಂಡರೆ ಮುಂದುವರಿಸೋಣ, ಇಲ್ಲದಿದ್ದರೆ ಆರಾಮದ ಕಡೆ ತಿರುಗೋಣ ಎಂದು ಮೊದಲೇ ಮಾತಾಡಿಕೊಳ್ಳುವುದು. ದಿನವೂ ‘ಇವತ್ತು ನಿಲ್ಲಿಸಬೇಕೇ’ ಎಂದು ತೀರ್ಮಾನಿಸುವ ಹಿಂಸೆ ತಪ್ಪುತ್ತದೆ.

ಡಾಕ್ಟರು, ನರ್ಸ್‌ಗಳಿಗೂ ಇದರ ಪೆಟ್ಟು ಬೀಳುತ್ತದೆ. ಸರಿ ಯಾವುದೆಂದು ಗೊತ್ತಿದ್ದೂ ಮಾಡಲಾಗದ ಸಂಕಟವನ್ನು 1984ರಲ್ಲಿ ಅಮೆರಿಕದ ನೀತಿಶಾಸ್ತ್ರಜ್ಞ ಆ್ಯಂಡ್ರೂ ಜೇಮ್‌ಟನ್ ನರ್ಸ್‌ಗಳ ವಿಷಯದಲ್ಲಿ ಗುರುತಿಸಿ ನೈತಿಕ ಯಾತನೆ ಎಂದು ಕರೆದರು.

ನನ್ನ ವಿಷಯಕ್ಕೆ ಈಗಲೇ ಬರೆದಿಡಬಹುದೇ?

ಬಹುದು. ಜೀವಂತ ಉಯಿಲು, ಮುಂಗಡ ನಿರ್ದೇಶನ ಎಂಬ ಹೆಸರುಗಳಲ್ಲಿ ಹಲವು ದೇಶಗಳಲ್ಲಿ ಇದೆ. ಭಾರತದಲ್ಲಿ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕ್ರಮ ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು.

ಆದರೆ ಕಾಗದವೊಂದೇ ನಿಮ್ಮನ್ನು ಕಾಯುತ್ತದೆ ಎಂದುಕೊಳ್ಳಬೇಡಿ. ‘ವೆಂಟಿಲೇಟರ್ ಬೇಡ’ ಎಂದಷ್ಟೇ ಬರೆದರೆ, ಮೂರು ದಿನದಲ್ಲಿ ವಾಸಿಯಾಗುವ ನ್ಯುಮೋನಿಯಾ ಬಂದಾಗ? ಅಲ್ಲದೆ ಮನಸ್ಸು ಬದಲಾಗುತ್ತದೆ. ಚೆನ್ನಾಗಿದ್ದಾಗ ‘ಗಾಲಿಕುರ್ಚಿಯ ಮೇಲೆ ಬದುಕಲಾರೆ’ ಎನ್ನುವವರು ಅದಕ್ಕೆ ಒಗ್ಗಿ ನೆಮ್ಮದಿಯಿಂದ ಇರುವುದುಂಟು. ಮುಂದಿನ ತಾನು ಹೇಗಿರುತ್ತೇನೆ ಎಂದು ಊಹಿಸುವುದರಲ್ಲಿ ಮನುಷ್ಯ ಸ್ವಲ್ಪ ದಡ್ಡ. ಆದ್ದರಿಂದ ಯಂತ್ರಗಳ ಪಟ್ಟಿಗಿಂತ ನಿಮಗೆ ಯಾವುದು ಬದುಕು ಎಂಬುದನ್ನು ಬರೆಯಿರಿ: ‘ಮನೆಯವರ ಗುರುತು ಸಿಗಬೇಕು, ಅದಿಲ್ಲದಿದ್ದರೆ ಎಳೆಯಬೇಡಿ.’ ನಿಮ್ಮ ಪರವಾಗಿ ಮಾತಾಡುವವರನ್ನು ಹೆಸರಿಸಿ. ಅತಿ ಹತ್ತಿರದವರೇ ಆಗಬೇಕೆಂದಿಲ್ಲ. ಅಳುತ್ತಲೇ ನಿಮ್ಮ ಮಾತನ್ನು ಹೇಳಬಲ್ಲವರಾಗಿರಬೇಕು. ಅವರ ಎದುರು ಕೂತು ಓದಿ ಹೇಳಿ, ಬೀರುವಿನಲ್ಲಿಟ್ಟ ಕಾಗದ ಐಸಿಯುಗೆ ನಡೆದು ಬರುವುದಿಲ್ಲ.

‘ಬೇಗ ಮುಗಿಯಲಿ’ ಎಂದು ನನಗೇ ಅನ್ನಿಸುತ್ತದೆ. ನಾನೆಂಥವಳು?

ದಣಿದವಳು. ತಿಂಗಳುಗಟ್ಟಲೆ ನಿದ್ದೆಗೆಟ್ಟು ನೋಡಿಕೊಂಡವರಿಗೆಲ್ಲ ಇದು ಅನ್ನಿಸುತ್ತದೆ, ಹೇಳಿಕೊಳ್ಳುವವರು ಕಡಿಮೆ. ಅವರ ನರಳಾಟ ಮುಗಿಯಲಿ ಎಂಬ ಆಸೆಯೂ ನನ್ನ ದಣಿವು ಮುಗಿಯಲಿ ಎಂಬ ಆಸೆಯೂ ಒಂದೇ ವಾಕ್ಯದಲ್ಲಿ ಬರುತ್ತವೆ. ಬಿಡಿಸಿ ನೋಡುವ ಅಗತ್ಯವಿಲ್ಲ. ಸಾವಿಗೆ ಮೊದಲೇ ದುಃಖ ಶುರುವಾಗಿ, ಸಾವಿನ ದಿನ ಕಣ್ಣೀರು ಬಾರದಿರುವುದೂ ಇದೆ. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್ ರಾಸ್ ಹೇಳಿದ ನಿರಾಕರಣೆ, ಕೋಪ, ಚೌಕಾಶಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳನ್ನು ಮೆಟ್ಟಿಲು ಎಂದುಕೊಂಡು ತಮ್ಮನ್ನು ಅಳೆದುಕೊಳ್ಳುವವರಿದ್ದಾರೆ. ಯಾರೂ ಆ ಕ್ರಮದಲ್ಲಿ ಹತ್ತುವುದಿಲ್ಲ. ವರ್ಷ ಕಳೆದರೂ ಆ ತೀರ್ಮಾನದ ಗಳಿಗೆಯೇ ಕಣ್ಣಿಗೆ ಕಟ್ಟಿ ನಿದ್ದೆ ಬಾರದಿದ್ದರೆ, ಆಗ ಯಾರನ್ನಾದರೂ ಕಾಣಿ.

ಪ್ರಾಣ ಹೋಗುವಾಗ ನಾನು ಅಲ್ಲಿರಲಿಲ್ಲ.

ಮೂರು ರಾತ್ರಿ ಪಕ್ಕದಲ್ಲೇ ಇದ್ದು, ಮುಖ ತೊಳೆಯಲು ಹೋದ ಐದು ನಿಮಿಷದಲ್ಲಿ ಹೋಗಿಬಿಟ್ಟರು ಎಂದು ಹೇಳುವವರನ್ನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಎಲ್ಲ ನರ್ಸ್‌ಗಳ ಬಳಿಯೂ ಇಂಥ ಕಥೆಗಳಿವೆ. ಕೆಲವರು ಒಬ್ಬರೇ ಇರುವ ಗಳಿಗೆಗೆ ಕಾಯುತ್ತಾರೆ ಎಂದು ಅವರು ಹೇಳುತ್ತಾರೆ, ನಾನೂ ಅದನ್ನು ಅಲ್ಲಗಳೆಯುವುದಿಲ್ಲ. ಇನ್ನೂ ಇರುವವರ ಬಳಿ ಕೂತಿದ್ದರೆ ಒಂದು ಮಾತು: ಸ್ಪಂದಿಸದ ಸ್ಥಿತಿಯಲ್ಲಿದ್ದ ಕೆಲವು ರೋಗಿಗಳ ಮಿದುಳು ಕೊನೆಯ ಗಂಟೆಗಳಲ್ಲೂ ಶಬ್ದಕ್ಕೆ ಪ್ರತಿಕ್ರಿಯಿಸಿದ್ದನ್ನು ಕೆನಡಾದಲ್ಲಿ ದಾಖಲಿಸಿದ್ದಾರೆ. ಮಾತಾಡುತ್ತಿರಿ. ಕೋಣೆಯಿಂದ ಎದ್ದು ಹೋಗುವಾಗಲೆಲ್ಲ, ಕಣ್ಣು ಮುಚ್ಚಿದ್ದರೂ, ‘ಬರ್ತೀನಿ’ ಅಂತ ಹೇಳಿಯೇ ಹೋಗಿ.